ಆಡಬಾರದ ಮಾತು, ಆಡುವ ಹೆಣ್ಣು

ಕನ್ನಡದಲ್ಲಿ ‘ಮುಟ್ಟು’ ಎಂದರೆ ಸ್ಪರ್ಶವೂ ಹೌದು, ಹೆಣ್ಣಿನ ತಿಂಗಳ ರಜಸ್ಸೂ ಹೌದು. ಆದರೂ ಮುಟ್ಟಾದವಳನ್ನು ಮುಟ್ಟಬಾರದೆಂಬುದು ನಮ್ಮ ಎಷ್ಟೋ ಮನೆಗಳ ಕಟ್ಟಳೆಯಾಗಿತ್ತು. ಆ ಮಾತನ್ನೂ ನೇರವಾಗಿ ಆಡುತ್ತಿರಲಿಲ್ಲ. ‘ಹೊರಗಾಗಿದ್ದಾಳೆ’, ‘ದೂರ ಕೂತಿದ್ದಾಳೆ’ ಎಂದು ಸುತ್ತಿ ಬಳಸಿ ಹೇಳುತ್ತಿದ್ದರು. ವಿಚಿತ್ರವೆಂದರೆ, ಹುಡುಗಿ ಮೈನೆರೆದಾಗ ನೆರೆಹೊರೆಯವರನ್ನೆಲ್ಲ ಕರೆದು ಆರತಿ ಎತ್ತಿದವರೂ ನಾವೇ. ಮೊದಲ ಸಲ ಊರಿಗೆಲ್ಲ ಸಾರುವುದು, ಆಮೇಲೆ ಬಾಯಿಗೆ ಬೀಗ!

ಈ ಬೀಗವನ್ನು ತೆರೆಯಲು ಹೊರದೇಶದವರೇ ಬರಬೇಕಾಗಿರಲಿಲ್ಲ. ನಾಂಪಲ್ಲಿಯಿಂದ ಮುಂಬಯಿ ರಸ್ತೆ ಹಿಡಿದು ಹೊರಟರೆ ಅರ್ಧ ದಿನದೊಳಗೆ ಬಸವಕಲ್ಯಾಣ ಸಿಗುತ್ತದೆ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಅದು ಹೈದರಾಬಾದ್ ರಾಜ್ಯದ್ದೇ ಊರು. ಅಲ್ಲಿ 12ನೆಯ ಶತಮಾನದಲ್ಲಿ ಬಸವಾದಿ ಶರಣರು ಹುಟ್ಟು, ಸಾವು, ಎಂಜಲು, ಜಾತಿ, ರಜಸ್ಸು ಎಂಬ ಐದು ಸೂತಕಗಳನ್ನೂ ತಳ್ಳಿಹಾಕಿದರು. ಲಿಂಗ ಧರಿಸಿದ ಹೆಣ್ಣಿಗೆ ಆ ದಿನಗಳಲ್ಲೂ ಪೂಜೆ ತಪ್ಪದು ಎಂಬುದು ಅವರ ನಿಲುವು. ತತ್ತ್ವವನ್ನು ಒಪ್ಪಿದ ಹಲವು ಮನೆಗಳಲ್ಲೂ ಆಚರಣೆ ಹಿಂದೆ ಬಿತ್ತೆಂಬುದು ಬೇರೆ ಮಾತು.

ಆಟದ ಬಯಲಿನಲ್ಲಿ ಮೌನಕ್ಕೆ ನಾಚಿಕೆಯೊಂದೇ ಕಾರಣವಲ್ಲ. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನಲ್ಲಿ ಮಹಿಳೆಯರು 800 ಮೀಟರ್ ಓಡಿದರು. ಇದು ಹೆಣ್ಣಿನ ಮೈಗೆ ತಾಳದೆಂದು ಮುಂದೆ ಆ ಓಟವನ್ನೇ ಕೈಬಿಡಲಾಯಿತು. ಅದು ಮರಳಿ ಬಂದದ್ದು 1960ರಲ್ಲಿ. ಮ್ಯಾರಥಾನ್ ಓಟಕ್ಕಂತೂ 1984ರವರೆಗೆ ಕಾಯಬೇಕಾಯಿತು. ಇಂತಹ ಕಾಲದಲ್ಲಿ ಆಟಗಾರ್ತಿ ತಿಂಗಳ ನೋವನ್ನು ಬಾಯಿಬಿಟ್ಟು ಹೇಳಿದ್ದರೆ ಅದೇ ಅವಳ ವಿರುದ್ಧ ಸಾಕ್ಷಿಯಾಗುತ್ತಿತ್ತು. ನುಂಗಿಕೊಂಡು ಓಡುವುದೇ ಜಾಣತನವಾಗಿತ್ತು.

2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಚೀನಾದ ಈಜುಗಾರ್ತಿ ಫು ಯುವಾನ್‌ಹುಯಿ ಈ ಮೌನ ಮುರಿದರು. ರಿಲೇಯಲ್ಲಿ ತಂಡ ನಾಲ್ಕನೆಯದಾದಾಗ, ಹಿಂದಿನ ರಾತ್ರಿ ತಾನು ಮುಟ್ಟಾದದ್ದನ್ನು ದೂರದರ್ಶನದ ಸಂದರ್ಶನದಲ್ಲೇ ಹೇಳಿದರು. ಆದರೆ ಅದು ನೆಪವಲ್ಲ ಎಂದೂ ಸೇರಿಸಿದರು. 2023ರಲ್ಲಿ ವಿಂಬಲ್ಡನ್, ಆಟಗಾರ್ತಿಯರು ಬಿಳಿಯುಡುಪಿನೊಳಗೆ ಗಾಢ ಬಣ್ಣದ ಚಡ್ಡಿ ತೊಡಲು ಅನುಮತಿ ನೀಡಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಮೀರಾಬಾಯಿ ಚಾನು 199 ಕಿಲೋ ಎತ್ತಿ, ಒಂದೇ ಕಿಲೋ ಅಂತರದಲ್ಲಿ ಪದಕ ಕಳೆದುಕೊಂಡಾಗ, ಅಂದು ತನಗೆ ಮುಟ್ಟಿನ ಮೂರನೆಯ ದಿನವೆಂದು ಪತ್ರಕರ್ತರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದರು. 199 ಕಿಲೋ ಎತ್ತಿದವಳನ್ನು ದುರ್ಬಲಳೆನ್ನಲು ಯಾರಿಗೆ ಬಾಯಿ ಬಂದೀತು?

ಸರ್ಕಾರಗಳೂ ಬಾಯಿ ತೆರೆದಿವೆ. ಬಿಹಾರವು 1992ರಲ್ಲೇ ತನ್ನ ಮಹಿಳಾ ನೌಕರರಿಗೆ ತಿಂಗಳಿಗೆ ಎರಡು ದಿನ ರಜೆ ಕೊಟ್ಟಿತು. ಕರ್ನಾಟಕದ ಸಚಿವ ಸಂಪುಟವು 2025ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ 12 ದಿನಗಳ ವೇತನಸಹಿತ ಋತುಚಕ್ರ ರಜೆಗೆ ಒಪ್ಪಿಗೆ ನೀಡಿತು. ಇಂತಹ ರಜೆಯಿಂದ ಹೆಣ್ಣುಮಕ್ಕಳಿಗೆ ಕೆಲಸ ಸಿಗುವುದೇ ಕಷ್ಟವಾದೀತು ಎಂಬ ಅಳುಕು ಕೆಲವರದು. ಓಟಗಾರ್ತಿಯರ ಬಾಯಿ ಕಟ್ಟಿದ್ದೂ ಇದೇ ಅಳುಕಲ್ಲವೆ?

ಹೊರನಾಡ ಕನ್ನಡಿಗರಾದ ನಮಗೆ ಇನ್ನೊಂದು ಚಿಂತೆಯುಂಟು. ಇಲ್ಲಿನ ಚಿಕ್ಕ ಸಂಸಾರದಲ್ಲಿ ಅಜ್ಜಿಯಿಲ್ಲ, ಸೋದರತ್ತೆಯಿಲ್ಲ. ಮೈದಾನದಿಂದ ಹೊಟ್ಟೆನೋವೆಂದು ಬಂದ ಮಗಳಿಗೆ ಉತ್ತರ ಹೇಳಬೇಕಾದವರು ತಾಯಿ ತಂದೆ ಇಬ್ಬರೇ. ಅವರೂ ಸುಮ್ಮನಿದ್ದರೆ ಅವಳು ತನ್ನ ಮೈಯ ಸಂಗತಿಯನ್ನು ಶಾಲೆಯ ಇಂಗ್ಲಿಷಿನಲ್ಲೋ ಗೆಳತಿಯರ ತೆಲುಗಿನಲ್ಲೋ ಕಲಿತುಕೊಳ್ಳುತ್ತಾಳೆ. ಆಗ ಅವಳ ಪಾಲಿಗೆ ಕನ್ನಡ ಹಬ್ಬಹರಿದಿನದ ಭಾಷೆಯಾಗಿ ಉಳಿದೀತು, ನೋವು ಹೇಳಿಕೊಳ್ಳುವ ಭಾಷೆಯಾಗಿ ಅಲ್ಲ. ಕಲ್ಯಾಣದ ಕನ್ನಡಕ್ಕೆ ಈ ಸಂಕೋಚವಿರಲಿಲ್ಲ. ನಮ್ಮ ಮನೆಯ ಕನ್ನಡಕ್ಕೆ ಏಕಿರಬೇಕು?