ಕಡತದಿಂದ ಅಳಿಯದ ಕಳಂಕ

ಸೇನಾಧಿಕಾರಿಯೊಬ್ಬರ ಸೇವಾ ದಾಖಲೆಯಲ್ಲಿ ‘ವಜಾ’ ಎಂಬ ಒಂದು ಪದವನ್ನು ತಿದ್ದಲು ಎಷ್ಟು ಕಾಲ ಬೇಕು? ಅಮೆರಿಕದ ಹೆನ್ರಿ ಫ್ಲಿಪ್ಪರ್ ಅವರ ವಿಷಯದಲ್ಲಿ 94 ವರ್ಷಗಳೇ ಬೇಕಾದವು.

1856ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಗುಲಾಮರಾಗಿ ಹುಟ್ಟಿದ ಫ್ಲಿಪ್ಪರ್, 1877ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಿಂದ ಪದವಿ ಪಡೆದ ಕಪ್ಪು ಜನಾಂಗದ ಮೊದಲಿಗರು. ಟೆಕ್ಸಾಸ್‌ನ ಫೋರ್ಟ್ ಡೇವಿಸ್‌ನಲ್ಲಿ ಸೈನಿಕರ ದಿನಸಿಯ ಲೆಕ್ಕ ಅವರ ಕೈಯಲ್ಲಿತ್ತು. 1881ರಲ್ಲಿ ಹಣ ಕಡಿಮೆ ಬಿತ್ತು. ಕೊರತೆಯನ್ನು ಅವರು ಮೇಲಧಿಕಾರಿಗೆ ತಿಳಿಸದೆ ಮುಚ್ಚಿಟ್ಟರು. ಹಣ ದುರುಪಯೋಗದ ಆರೋಪದಿಂದ ಸೇನಾ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತಾದರೂ, ಅಧಿಕಾರಿಗೆ ತಕ್ಕುದಲ್ಲದ ನಡತೆಯ ಆರೋಪ ಸಾಬೀತಾಯಿತೆಂದಿತು. 1882ರ ಜೂನ್ 30ರಂದು ಅವರು ವಜಾ ಆದರು.

ಮುಂದೆ ಎಂಜಿನಿಯರ್ ಆಗಿ ಹೆಸರು ಗಳಿಸಿದರೂ ಕಳಂಕ ಬೆನ್ನು ಬಿಡಲಿಲ್ಲ. ಅದನ್ನು ತೊಡೆಯಲು ಸಂಸತ್ತಿನ ಬಾಗಿಲನ್ನು ಮತ್ತೆ ಮತ್ತೆ ತಟ್ಟಿದರು. ಅವರಿಗಾಗಿ ಮಂಡನೆಯಾದ ಒಂದು ಮಸೂದೆಯೂ ಅಂಗೀಕಾರವಾಗಲಿಲ್ಲ. 1940ರಲ್ಲಿ ಅವರು ತೀರಿಕೊಂಡರು.

ಇಂಥ ದಾಖಲೆಗಳನ್ನು ತಿದ್ದಲು ಸಂಸತ್ತಿನವರೆಗೆ ಹೋಗಬೇಕಾದ ಪರಿಸ್ಥಿತಿಯನ್ನು ತಪ್ಪಿಸಿದ್ದು 1946ರ ಕಾನೂನು. ಅದರಂತೆ, ನಾಗರಿಕರೇ ಸದಸ್ಯರಾಗಿರುವ ಮಂಡಳಿಯ ಮೂಲಕ ತಪ್ಪು ಅಥವಾ ಅನ್ಯಾಯವನ್ನು ಸರಿಪಡಿಸುವ ಅಧಿಕಾರ ಸೇನಾ ಇಲಾಖೆಗೇ ದೊರೆಯಿತು. ಫ್ಲಿಪ್ಪರ್ ವಂಶಜರೂ ಅವರ ಅಭಿಮಾನಿಗಳೂ ಈ ಮಂಡಳಿಯ ಮೊರೆಹೊಕ್ಕರು. ಶಿಕ್ಷೆ ಅತಿ ಕಠೋರ, ಅನ್ಯಾಯದ್ದು ಎಂದು ಮಂಡಳಿ ಕಂಡುಕೊಂಡಿತು. 1976ರಲ್ಲಿ ‘ವಜಾ’ ಹೋಗಿ, ಹಳೆಯ ತಾರೀಖಿಗೇ ‘ಗೌರವಯುತ ಬಿಡುಗಡೆ’ ಎಂದು ದಾಖಲಾಯಿತು.

ಆದರೆ ತೀರ್ಪನ್ನು ರದ್ದು ಮಾಡುವ ಅಧಿಕಾರ ಮಂಡಳಿಗಿರಲಿಲ್ಲ. 1999ರ ಫೆಬ್ರವರಿ 19ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಕ್ಷಮಾದಾನ ನೀಡಿದರು. ಕ್ಷಮಾದಾನವೂ ನಿರ್ದೋಷಿ ಎಂಬ ತೀರ್ಪಲ್ಲ. ಬದುಕಿದ್ದಾಗ ಫ್ಲಿಪ್ಪರ್ ಬೇಡಿದ್ದು ನ್ಯಾಯವನ್ನು. ಸತ್ತು 59 ವರ್ಷಗಳಾದ ಮೇಲೆ ಅವರಿಗೆ ಸಿಕ್ಕಿದ್ದು ಕ್ಷಮೆ.