ಆ ಗೆರೆಗಳ ಕರ್ತೃ ಯಾರು?



ಮಕ್ಕಳು ಮೊಬೈಲಿಗೆ ನಾಲ್ಕು ಮಾತು ಹೇಳಿ ಕ್ರಿಸ್ತಜಯಂತಿಯ ಶುಭಾಶಯದ ಚಿತ್ರವನ್ನು ಬರೆಯಿಸಿಕೊಳ್ಳುವ ಕಾಲವಿದು. ಯಂತ್ರ ಬರೆದದ್ದನ್ನು ಕಲೆ ಎನ್ನಬಹುದೇ, ಅದು ಯಾರ ಕೃತಿ ಎಂಬ ಪ್ರಶ್ನೆ ನಿಮ್ಮ ಮನೆಯಲ್ಲಿಯೂ ಎದ್ದಿರಬಹುದು. ಪ್ರಶ್ನೆ ಹೊಸದೇನಲ್ಲ, ಅದಕ್ಕೆ ಅರವತ್ತು ವರ್ಷ ತುಂಬಿದೆ.

1962ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ, ಒಬ್ಬರ ಪ್ರೋಗ್ರಾಮಿನಲ್ಲಿ ನುಸುಳಿದ ತಪ್ಪಿನಿಂದ ಗಣಕಯಂತ್ರವು ವಿಚಿತ್ರವಾದ ಗೆರೆಗಳನ್ನು ಬರೆಯಿತು. ಅದನ್ನು 'ಕಂಪ್ಯೂಟರ್ ಕಲೆ' ಎಂದು ತಮಾಷೆ ಮಾಡಿದ್ದಾಯಿತು. ಎ. ಮೈಕೆಲ್ ನೋಲ್ ಎಂಬ ತರುಣ ಎಂಜಿನಿಯರ್ ಮಾತ್ರ, ತಪ್ಪಿನಿಂದ ಆದುದನ್ನು ಬೇಕೆಂದೇ ಮಾಡಿ ನೋಡೋಣವೆಂದು ಹೊರಟರು. ಅವರ 'ಗೌಸಿಯನ್ ಕ್ವಾಡ್ರಾಟಿಕ್' ಎಂಬ ಚಿತ್ರದಲ್ಲಿ ನೂರು ಬಿಂದುಗಳನ್ನು ಜೋಡಿಸುವ 99 ಗೆರೆಗಳಿವೆ. ಬಿಂದುಗಳು ಮೇಲೇರುವುದು ಗಣಿತದ ನಿಶ್ಚಿತ ನಿಯಮದಂತೆ. ಎಡಕ್ಕೋ ಬಲಕ್ಕೋ ಸರಿಯುವುದು ಪಗಡೆಯ ದಾಳ ಬಿದ್ದಂತೆ. ಶಿಸ್ತು, ಆಕಸ್ಮಿಕ ಎರಡೂ ಒಂದೇ ಹಾಳೆಯ ಮೇಲೆ!

1965ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಹೋವರ್ಡ್ ವೈಸ್ ಗ್ಯಾಲರಿಯಲ್ಲಿ ಇಂಥ ಚಿತ್ರಗಳ ಪ್ರದರ್ಶನ ನಡೆಯಿತು. ನಾನು ಹೇಳಹೊರಟಿರುವುದು ಪ್ರದರ್ಶನದ ಮಾತಲ್ಲ, ಕೃತಿಸ್ವಾಮ್ಯದ ಕಥೆ. ನೋಲ್ ತಮ್ಮ ಚಿತ್ರವನ್ನು ನೋಂದಾಯಿಸಲು ಕಳುಹಿಸಿದಾಗ, ಇದು ಯಂತ್ರ ರಚಿಸಿದ್ದೆಂದು ಅಧಿಕಾರಿಗಳು ನಿರಾಕರಿಸಿದರು. ಪ್ರೋಗ್ರಾಮನ್ನು ಬರೆದವನು ಮನುಷ್ಯನೇ, ಕ್ರಮ ಮತ್ತು ಆಕಸ್ಮಿಕವನ್ನು ಅದರಲ್ಲಿ ಬೆರೆಸಿದವನೂ ಅವನೇ ಎಂದು ಅವರು ವಿವರಿಸಿದರು. ಹಾಗಾದರೆ ಆಕಸ್ಮಿಕಕ್ಕೆ ಸ್ವಾಮ್ಯವಿಲ್ಲ ಎಂಬ ಉತ್ತರ ಬಂತು! ನೋಲ್ ಬಿಡಲಿಲ್ಲ. ಆ ಸಂಖ್ಯೆಗಳು ನೋಡುವವರಿಗಷ್ಟೇ ಆಕಸ್ಮಿಕ, ಅವುಗಳನ್ನು ಹುಟ್ಟಿಸುವ ಸೂತ್ರವು ಪೂರ್ಣ ಗಣಿತಬದ್ಧವೆಂದು ಮತ್ತೆ ಬರೆದರು. ಕೊನೆಗೆ ನೋಂದಣಿಯಾಯಿತು. ಕಚೇರಿಯ ಹಟವನ್ನು ನಾವು ನಗಬಹುದು. ಆದರೆ ಅವರು ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ ಎಂದು ನನಗನ್ನಿಸುತ್ತದೆ.

ನೋಡುಗರ ಕಣ್ಣಾದರೂ ತೀರ್ಪು ಹೇಳೀತೇ? ಪ್ರಸಿದ್ಧ ಚಿತ್ರಕಾರ ಮಾಂಡ್ರಿಯಾನ್ 1917ರಲ್ಲಿ ಬರೆದ ಒಂದು ಚಿತ್ರದ ಪ್ರತಿಯನ್ನೂ, ಅದನ್ನೇ ಹೋಲುವ ಗಣಕಯಂತ್ರದ ಚಿತ್ರವನ್ನೂ ನೋಲ್ ನೂರು ಮಂದಿಯ ಮುಂದಿಟ್ಟರು. 59 ಮಂದಿ ಯಂತ್ರದ್ದನ್ನೇ ಮೆಚ್ಚಿದರು. ಯಂತ್ರದ್ದು ಯಾವುದೆಂದು ಸರಿಯಾಗಿ ಗುರುತಿಸಿದವರು 28 ಮಂದಿ ಮಾತ್ರ.

ಕಣ್ಣು ಸೋತಲ್ಲಿ ನ್ಯಾಯಾಲಯ ಮಾತಾಡಬೇಕಾಯಿತು. 2018ರಲ್ಲಿ ಸ್ಟೀಫನ್ ಥೇಲರ್ ಎಂಬುವರು 'ಸ್ವರ್ಗಕ್ಕೆ ಇತ್ತೀಚಿನ ಪ್ರವೇಶದ್ವಾರ' ಎಂಬ ಅರ್ಥದ ಹೆಸರಿನ ಚಿತ್ರವೊಂದರ ಅರ್ಜಿಯಲ್ಲಿ, ಕರ್ತೃವಿನ ಸ್ಥಾನದಲ್ಲಿ ತಮ್ಮ ಯಂತ್ರದ ಹೆಸರನ್ನೇ ಬರೆದರು. ನೋಲ್ ವಾದಿಸಿದ್ದಕ್ಕೆ ಇದು ನೇರ ವಿರುದ್ಧ. 2025ರ ಮಾರ್ಚಿನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು ಕರ್ತೃ ಮನುಷ್ಯನೇ ಆಗಿರಬೇಕೆಂದು ಹೇಳಿ ಅರ್ಜಿಯ ನಿರಾಕರಣೆಯನ್ನು ಎತ್ತಿಹಿಡಿಯಿತು. ಯಂತ್ರದ ನೆರವಿನಿಂದ ಮನುಷ್ಯನು ರಚಿಸಿದ ಕೃತಿಗೆ ಮಾತ್ರ ಅದು ಬಾಗಿಲು ಮುಚ್ಚಲಿಲ್ಲ.