ಜೀವಕೋಶದ ಅಳತೆ

ಜೀವಕೋಶದ ರಚನೆಯನ್ನು ಅರಿಯುವ ಕೆಲಸ ಮತ್ತು ಅದರ ಗಾತ್ರವನ್ನು ಅಳೆಯುವ ಕೆಲಸ ಹುಟ್ಟಿದ್ದು ಒಟ್ಟಿಗೇ. ಲಂಡನ್ನಿನ ರಾಬರ್ಟ್ ಹುಕ್ 1665ರ ‘ಮೈಕ್ರೋಗ್ರಾಫಿಯಾ’ ಗ್ರಂಥದಲ್ಲಿ ಕಾರ್ಕಿನ ಗೂಡುಗಳನ್ನು ವರ್ಣಿಸಿ ಸುಮ್ಮನಾಗಲಿಲ್ಲ, ಎಣಿಸಿದ. ಇಂಚಿನ 18ನೇ ಒಂದು ಪಾಲಿನಲ್ಲಿ ಸುಮಾರು 60 ಗೂಡುಗಳಿದ್ದವು. ಹಾಗಾದರೆ ಚದರ ಇಂಚಿಗೆ 11,66,400 ಎಂದು ಲೆಕ್ಕ ಹಾಕಿದ. ಇಂದಿನ ಮಾನದಲ್ಲಿ ಒಂದು ಗೂಡಿನ ಉದ್ದ ಸುಮಾರು 23 ಮೈಕ್ರೋಮೀಟರ್. ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲೇ ಮೈಕ್ರೋಮೀಟರ್. ಹುಕ್ ಕಂಡದ್ದು ಸತ್ತ ಕೋಶಗಳ ಗೋಡೆಗಳನ್ನಷ್ಟೇ.

ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್‌ಗೆ ಮರಳೇ ಅಳತೆಗೋಲು. ನುಣುಪು ಮರಳಿನ ಒಂದು ಕಾಳಿಗಿಂತ ಕೆಂಪು ರಕ್ತಕಣ 25,000 ಪಟ್ಟು ಚಿಕ್ಕದೆಂದು ಆತ ಅಂದಾಜಿಸಿದ. ಇಂಗ್ಲೆಂಡಿನ ಜೇಮ್ಸ್ ಜುರಿನ್ ಬೆಳ್ಳಿಯ ತಂತಿಯನ್ನು ಸೂಜಿಗೆ ಒತ್ತಾಗಿ ಸುತ್ತಿ, ಇಂಚಿಗೆ ಎಷ್ಟು ಸುತ್ತು ಬಂತೆಂದು ಎಣಿಸಿ ತಂತಿಯ ದಪ್ಪ ತಿಳಿದ. ಅದರ ತುಣುಕುಗಳನ್ನು ರಕ್ತಕಣಗಳ ಪಕ್ಕದಲ್ಲಿಟ್ಟು ಹೋಲಿಸಿದ.

ಮುಂದೆ ಗಾಜಿನ ಮೇಲೆ ಕೊರೆದ ಗೆರೆಗಳು ಬಂದವು. ಕಾಲೇಜು ಪ್ರಯೋಗಾಲಯಗಳಲ್ಲಿ ಇಂದಿಗೂ ಇದೇ ಕ್ರಮ. ಒಂದು ಮಿಲಿಮೀಟರನ್ನು 100 ಭಾಗ ಮಾಡಿದ ಸ್ಲೈಡಿನೊಂದಿಗೆ ನೇತ್ರಮಸೂರದೊಳಗಿನ ಮಾಪಕವನ್ನು ಹೊಂದಿಸುತ್ತಾರೆ. ಮಾಪಕದ 40 ಗೆರೆಗಳು ಸ್ಲೈಡಿನ 10 ಭಾಗಗಳಿಗೆ ಸರಿಹೊಂದಿದರೆ ಒಂದು ಗೆರೆಯ ಬೆಲೆ 2.5 ಮೈಕ್ರೋಮೀಟರ್, ಮೂರು ಗೆರೆ ಆವರಿಸಿದ ರಕ್ತಕಣದ ವ್ಯಾಸ 7.5.

1831ರಲ್ಲಿ ರಾಬರ್ಟ್ ಬ್ರೌನ್ ಆರ್ಕಿಡ್ ಕೋಶಗಳಲ್ಲಿ ಕೋಶಕೇಂದ್ರವನ್ನು ಗುರುತಿಸಿದ. 1838–39ರಲ್ಲಿ ಶ್ಲೈಡೆನ್ ಮತ್ತು ಶ್ವಾನ್, ಸಸ್ಯ ಪ್ರಾಣಿಗಳೆರಡೂ ಕೋಶಗಳಿಂದಲೇ ಆದವೆಂದು ಸಾರಿದರು. ಆದರೆ ಬೆಳಕಿಗೂ ಒಂದು ಮಿತಿಯಿದೆ: 0.2 ಮೈಕ್ರೋಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳು ಒಂದಾಗಿಯೇ ಕಾಣುತ್ತವೆ. 1873ರಲ್ಲಿ ಎರ್ನ್ಸ್ಟ್ ಅಬ್ಬೆ ಇದಕ್ಕೆ ಕಾರಣ ಬೆಳಕಿನ ತರಂಗದ ಉದ್ದವೆಂದು ವಿವರಿಸಿದ.

ಆ ಮಿತಿಯನ್ನು ದಾಟಿಸಿದ್ದು 1931ರಲ್ಲಿ ಕ್ನೋಲ್ ಮತ್ತು ರುಸ್ಕಾ ಬರ್ಲಿನ್ನಿನಲ್ಲಿ ರೂಪಿಸಿದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. 1945ರಲ್ಲಿ ಪೋರ್ಟರ್, ಕ್ಲೋಡ್ ಮತ್ತು ಫುಲ್ಲಮ್ ಕೋಳಿ ಭ್ರೂಣದ ಇಡೀ ಕೋಶದ ಚಿತ್ರ ಪ್ರಕಟಿಸಿದರು. ಸುಮಾರು 7 ನ್ಯಾನೊಮೀಟರ್ ದಪ್ಪದ ಕೋಶಪೊರೆ, 20ರಿಂದ 30 ನ್ಯಾನೊಮೀಟರಿನ ರೈಬೋಸೋಮ್ ಅಳತೆಗೆ ಸಿಕ್ಕವು.

1953ರಲ್ಲಿ ಅಮೆರಿಕದ ವಾಲೆಸ್ ಕೌಲ್ಟರ್ ಪೇಟೆಂಟ್ ಪಡೆದ ವಿಧಾನಕ್ಕೆ ಕಣ್ಣೇ ಬೇಕಿಲ್ಲ. ಉಪ್ಪುನೀರಿನಲ್ಲಿ ತೇಲುವ ಕೋಶ ಕಿರುರಂಧ್ರವನ್ನು ದಾಟುವಾಗ ವಿದ್ಯುತ್ ಪ್ರವಾಹಕ್ಕೆ ಅಡ್ಡಿಯಾಗುತ್ತದೆ. ಅಡ್ಡಿಯ ಪ್ರಮಾಣದಿಂದ ಅದರ ಘನಗಾತ್ರ ತಿಳಿಯುತ್ತದೆ. ರಕ್ತಪರೀಕ್ಷೆಯ ವರದಿಯಲ್ಲಿ ‘ಎಂಸಿವಿ’ ಎಂದು ನಮೂದಾಗುವುದು ಕೆಂಪುಕಣಗಳ ಸರಾಸರಿ ಘನಗಾತ್ರ. ವಯಸ್ಕರಲ್ಲಿ ಅದು ಸಾಮಾನ್ಯವಾಗಿ 80ರಿಂದ 100 ಫೆಮ್ಟೋಲೀಟರ್. ಕಡಿಮೆಯಾದರೆ ವೈದ್ಯರು ಕಬ್ಬಿಣದ ಕೊರತೆ ಅಥವಾ ಥಲಸ್ಸೀಮಿಯಾವನ್ನೂ, ಹೆಚ್ಚಾದರೆ ಬಿ12 ಇಲ್ಲವೇ ಫೋಲೇಟ್ ಕೊರತೆಯನ್ನೂ ಶಂಕಿಸುತ್ತಾರೆ.